ಗೆದ್ದ ಮಸೂದೆ ಜಾರಿಗೆ ಬರಲಿಲ್ಲ: ನೆಬ್ರಾಸ್ಕಾದ ಹಿರಿಯ ಶಾಸಕರೊಬ್ಬರ ಪ್ರಕರಣ

2015ರ ಮೇ 27ರಂದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಶಾಸನಸಭೆಯಲ್ಲಿ 49 ಸದಸ್ಯರೂ ಮತ ಹಾಕಿದರು. ಮರಣದಂಡನೆಯನ್ನು ರದ್ದು ಮಾಡುವ ಮಸೂದೆಯನ್ನು ಗವರ್ನರ್ ತಡೆಹಿಡಿದಿದ್ದರು. ಆ ತಡೆಯನ್ನು ಮುರಿಯಲು 30 ಮತ ಬೇಕಿತ್ತು. ಬಿದ್ದದ್ದು ಸರಿಯಾಗಿ 30, ವಿರುದ್ಧ 19. ಮಸೂದೆ ಮಂಡಿಸಿದ ಹಿರಿಯ ಸದಸ್ಯರಿಗೆ ಆಗ ಎಪ್ಪತ್ತೇಳು ವರ್ಷ; ಈ ಒಂದು ಫಲಿತಾಂಶಕ್ಕಾಗಿ ಅವರು ನಾಲ್ಕು ದಶಕ ದುಡಿದಿದ್ದರು. ಆದರೆ ಆ ಕಾನೂನು ಜಾರಿಗೆ ಬರಬೇಕಿದ್ದ ದಿನಕ್ಕೆ ನಾಲ್ಕು ದಿನ ಮೊದಲು ಅದರ ವಿರುದ್ಧದ ಸಹಿಪತ್ರಗಳು ಸಲ್ಲಿಕೆಯಾದವು, ಕಾನೂನು ಅಮಾನತಿಗೆ ಹೋಯಿತು. ಮರುವರ್ಷ ಮತದಾರರು ಅದನ್ನು ತೆಗೆದುಹಾಕಿದರು.

ಸದನದೊಳಗೆ ಗೆಲ್ಲುವುದು ಹೇಗೆ, ಗೆದ್ದ ಮೇಲೆ ಸೋಲುವುದು ಹೇಗೆ ಎಂಬ ಎರಡನ್ನೂ ತೋರಿಸುವ ಪ್ರಕರಣಗಳು ಅಪರೂಪ. ಗಮನ ವ್ಯಕ್ತಿಗಳ ಮೇಲಲ್ಲ, ಅವರ ನಿರ್ಧಾರಗಳ ಮೇಲೆ ಇರಲಿ ಎಂದು ಇಲ್ಲಿ ಶಾಸಕರ, ಗವರ್ನರರ, ಕೈದಿಗಳ ಹೆಸರುಗಳನ್ನು ಬಿಟ್ಟಿದ್ದೇವೆ. ಮಸೂದೆ ಮಂಡಿಸಿದವರನ್ನು ‘ಹಿರಿಯ ಸದಸ್ಯರು’ ಎಂದೇ ಕರೆಯುತ್ತೇವೆ.

ಹಿನ್ನೆಲೆ: ಸದನ ಮತ್ತು ಸದಸ್ಯ

ನೆಬ್ರಾಸ್ಕಾದ ವ್ಯವಸ್ಥೆಯನ್ನು ಮೊದಲು ತಿಳಿಯದಿದ್ದರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ಅಮೆರಿಕದ 50 ರಾಜ್ಯಗಳಲ್ಲಿ ಒಂದೇ ಸದನ ಇರುವ ಏಕೈಕ ರಾಜ್ಯ ಇದು. 1934ರಲ್ಲಿ ಜನ ಮತ ಹಾಕಿ ಎರಡನೇ ಸದನವನ್ನು ಕೈಬಿಟ್ಟರು, 1937ರಲ್ಲಿ ಏಕಸದನ ಮೊದಲ ಬಾರಿ ಕೂಡಿತು. 49 ಸದಸ್ಯರು, ಎಲ್ಲರಿಗೂ ಸೆನೆಟರ್ ಎಂದೇ ಹೆಸರು, ನಾಲ್ಕು ವರ್ಷದ ಅವಧಿ. ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಯಾರು ರಿಪಬ್ಲಿಕನ್, ಯಾರು ಡೆಮಾಕ್ರಟ್ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಸದನದಲ್ಲಿ ಪಕ್ಷದ ನಾಯಕರಾಗಲಿ ವಿಪ್ ಆಗಲಿ ಇಲ್ಲ. ಪಕ್ಷಾಂತರ ನಿಷೇಧ ಕಾಯ್ದೆಯ ನೆರಳಲ್ಲೇ ಮತ ಹಾಕುವ ನಮ್ಮ ವಿಧಾನಸಭೆಯನ್ನು ನೋಡಿ ರೂಢಿಯಾದವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು: ಅಲ್ಲಿ ಪ್ರತಿಯೊಂದು ಮತವನ್ನೂ ಒಬ್ಬೊಬ್ಬರ ಹತ್ತಿರ ಹೋಗಿಯೇ ಗಳಿಸಬೇಕು. ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರೂ ಅಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು, ಅಧಿಕಾರದಲ್ಲಿ ಮುಖ್ಯಮಂತ್ರಿಗೆ ಹತ್ತಿರ.

ಶಾಸಕರ ಸಂಬಳ ವರ್ಷಕ್ಕೆ 12,000 ಡಾಲರ್. ಈ ಮೊತ್ತ ರಾಜ್ಯದ ಸಂವಿಧಾನದಲ್ಲೇ ಇರುವುದರಿಂದ ಹೆಚ್ಚಿಸಬೇಕಾದರೂ ಜನಮತವೇ ಆಗಬೇಕು. ಬೆಸ ವರ್ಷದಲ್ಲಿ 90 ದಿನ, ಸಮ ವರ್ಷದಲ್ಲಿ 60 ದಿನ ಅಧಿವೇಶನ. ಹೀಗಾಗಿ ರೈತರು, ನಿವೃತ್ತರು, ಸ್ವಂತ ವ್ಯಾಪಾರ ಇರುವವರು ಈ ಕೆಲಸಕ್ಕೆ ಬರುವುದು ಹೆಚ್ಚು.

ಹಿರಿಯ ಸದಸ್ಯರು ಒಮಾಹಾ ನಗರದ ಉತ್ತರ ಭಾಗದವರು. ರಾಜ್ಯದ ಕಪ್ಪು ಜನರಲ್ಲಿ ಹೆಚ್ಚಿನವರು ನೆಲೆಸಿರುವ ಪ್ರದೇಶ ಅದು. ಕ್ಷೌರದ ಅಂಗಡಿಯಲ್ಲಿ ಕತ್ತರಿ ಹಿಡಿದು ದುಡಿದವರು. 1970ರಲ್ಲಿ ಆಯ್ಕೆಯಾದರು. ಮುಂದೆ ಕಾನೂನು ಪದವಿ ಪಡೆದರೂ ವಕೀಲಿಕೆಗೆ ಇಳಿಯಲಿಲ್ಲ. ಬಹಳ ವರ್ಷ ಇಡೀ ಸದನದಲ್ಲಿ ಕಪ್ಪು ಸದಸ್ಯರೆಂದರೆ ಇವರೊಬ್ಬರೇ. ಸಂಖ್ಯೆ ಇಲ್ಲದವನ ಕೈಗೆ ಸಿಗುವ ಆಯುಧ ನಿಯಮಾವಳಿ ಒಂದೇ ಎಂದು ಬಲು ಬೇಗ ಮನಗಂಡು ಸದನದ ನಿಯಮಗಳನ್ನು ಅಕ್ಷರಶಃ ಕರಗತ ಮಾಡಿಕೊಂಡರು. ನೆಬ್ರಾಸ್ಕಾದಲ್ಲಿ ಚರ್ಚೆಗೆ ಬಂದ ಪ್ರತಿ ಸೂಚನೆಯ ಮೇಲೂ ಸದಸ್ಯರಿಗೆ ಮೂರು ಬಾರಿ ಮಾತಾಡುವ ಅವಕಾಶ ಇದೆ. ಒಂದು ತಿದ್ದುಪಡಿ ಕೊಟ್ಟರೆ ಮೂರು ಸರದಿ; ಮಸೂದೆಯನ್ನು ಸಮಿತಿಗೆ ಮರಳಿಸಿ ಎಂದು ಸೂಚಿಸಿದರೆ ಮತ್ತೆ ಮೂರು; ಅದು ಬಿದ್ದರೆ ಮರುಪರಿಶೀಲನೆಯ ಸೂಚನೆ, ಮತ್ತೆ ಮೂರು. 60 ದಿನದ ಅಧಿವೇಶನದ ಕೊನೆಯ ವಾರಗಳಲ್ಲಿ ಒಬ್ಬ ಸದಸ್ಯ ಒಂದು ಮಸೂದೆಗೆ ಇಡೀ ದಿನ ಅಡ್ಡ ನಿಂತರೆ ಉಳಿದವರ ಹತ್ತು ಮಸೂದೆ ಕಾಯಬೇಕಾಗುತ್ತದೆ. ಆದ್ದರಿಂದ ‘ನಿಮ್ಮ ತಕರಾರು ಏನು, ಬಗೆಹರಿಸೋಣ’ ಎಂದು ಬೇರೆಯವರೇ ಇವರ ಮೇಜಿನ ಬಳಿಗೆ ಬರುತ್ತಿದ್ದರು.

ಈ ಬಲದಿಂದ ಸಾಕಷ್ಟು ಸಾಧಿಸಿದರು. ಒಮಾಹಾ ನಗರಸಭೆಗೆ ವಾರ್ಡುವಾರು ಚುನಾವಣೆ ಬಂತು, ಉತ್ತರ ಭಾಗದ ಜನರಿಗೆ ತಮ್ಮದೇ ಪ್ರತಿನಿಧಿ ಸಿಕ್ಕರು. ವರ್ಣಭೇದದ ದಕ್ಷಿಣ ಆಫ್ರಿಕಾದೊಂದಿಗೆ ವ್ಯವಹಾರ ಇದ್ದ ಕಂಪನಿಗಳಿಂದ ರಾಜ್ಯದ ಹಣ ಹಿಂತೆಗೆಯಬೇಕೆಂಬ ನಿರ್ಣಯವನ್ನು 1980ರಲ್ಲಿ ಅಂಗೀಕರಿಸಿದ ನೆಬ್ರಾಸ್ಕಾ, ಅಮೆರಿಕದ ರಾಜ್ಯಗಳಲ್ಲೇ ಮೊದಲನೆಯದು. 1988ರಲ್ಲಿ ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದು ನಿಷೇಧವಾಯಿತು. ಬಗ್ಗದೆ ನಿಂತದ್ದು ಒಂದೇ, ಮರಣದಂಡನೆ.

ಸಮಸ್ಯೆ: ತಡೆಯುವ ಶಕ್ತಿ ಬೇರೆ, ಪಾಸು ಮಾಡಿಸುವ ಶಕ್ತಿ ಬೇರೆ

ಅಲ್ಲಿ ಮಸೂದೆಯ ದಾರಿ ಹೀಗಿದೆ. ಅಧಿವೇಶನದ ಮೊದಲ ಹತ್ತು ದಿನದೊಳಗೆ ಮಂಡನೆ. ಪ್ರತಿ ಮಸೂದೆಗೂ ಸಮಿತಿಯಲ್ಲಿ ಬಹಿರಂಗ ವಿಚಾರಣೆ ಕಡ್ಡಾಯ. ಬೀದಿಯಲ್ಲಿ ಹೋಗುವವರೂ ಬಂದು ಕೂತು ಮಾತಾಡಬಹುದು. ಸಮಿತಿ ಒಪ್ಪಿದರೆ ಸದನದಲ್ಲಿ ಮೂರು ಸುತ್ತು: ಮೊದಲ ಚರ್ಚೆ, ಎರಡನೇ ಚರ್ಚೆ, ಅಂತಿಮ ವಾಚನ. ಪ್ರತಿ ಸುತ್ತಿನಲ್ಲೂ 25 ಮತ ಬೇಕು. ಎಲ್ಲ ಮಸೂದೆಗಳಿಗೆ ಸಮಯ ಸಿಗುವುದಿಲ್ಲವಾದ್ದರಿಂದ ಪ್ರತಿ ಸದಸ್ಯರೂ ವರ್ಷಕ್ಕೆ ಒಂದು ಮಸೂದೆಯನ್ನು ‘ಆದ್ಯತೆ’ ಎಂದು ಗುರುತಿಸಬಹುದು.

ಕಾಗದದ ಮೇಲೆ 25 ಸಾಕು. ವಿವಾದದ ಮಸೂದೆಗೆ ಸಾಲದು. ವಿರೋಧಿಗಳು ಮಾತನ್ನು ಎಳೆಯತೊಡಗಿದರೆ ಚರ್ಚೆ ಮುಗಿಸುವ ಸೂಚನೆಗೆ 33 ಮತ ಬೇಕು, 49ರ ಮೂರನೇ ಎರಡು ಭಾಗ. ಆ ಸೂಚನೆ ಬಿದ್ದರೆ ರೂಢಿಯಂತೆ ಮಸೂದೆ ಆ ವರ್ಷ ಮತ್ತೆ ಚರ್ಚೆಗೆ ಬರುವುದಿಲ್ಲ. ಗವರ್ನರ್ ತಡೆದರೆ ಅದನ್ನು ಮುರಿಯಲು 30, ಐದನೇ ಮೂರು ಭಾಗ. ಕಾನೂನು ತಕ್ಷಣ ಜಾರಿಗೆ ಬರಲಿ ಎಂಬ ತುರ್ತು ಕಲಮನ್ನು ಸೇರಿಸಿದರೆ ಅಂತಿಮ ವಾಚನದಲ್ಲೇ 33 ಬೇಕು; ಇಲ್ಲವಾದರೆ ಅಧಿವೇಶನ ಮುಗಿದು ಮೂರು ತಿಂಗಳ ನಂತರ ಜಾರಿ. ಈ ನಾಲ್ಕು ಅಂಕಿಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಶಾಸಕರ ಕಚೇರಿಯಲ್ಲಿ ಕೆಲಸ ಮಾಡುವವರು ಕೊನೆಯದರಿಂದ ಹಿಂದಕ್ಕೆ ಎಣಿಸಬೇಕು.

ಹಿರಿಯ ಸದಸ್ಯರ ಸೋಲುಗಳನ್ನು ಈ ಅಂಕಿಗಳ ಮೇಲಿಟ್ಟು ನೋಡಿದರೆ ಪ್ರತಿ ಬಾರಿಯೂ ಬೇರೆ ಬೇರೆ ಮೆಟ್ಟಿಲಲ್ಲಿ ಎಡವಿದ್ದು ಕಾಣುತ್ತದೆ. 1979ರಲ್ಲಿ ರದ್ದತಿ ಮಸೂದೆ ಸದನ ದಾಟಿತು, ಗವರ್ನರ್ ತಡೆದರು, ಮುರಿಯಲು ಮತ ಸಾಲಲಿಲ್ಲ. 1999ರಲ್ಲಿ ದಂಡನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಮಸೂದೆಗೂ ಅದೇ ಗತಿ. ಶಿಕ್ಷೆ ಯಾರಿಗೆ ಹೇಗೆ ಬೀಳುತ್ತಿದೆ ಎಂಬ ಅಧ್ಯಯನಕ್ಕೆ ಹಣ ಮಾತ್ರ ದಕ್ಕಿತು. 2007ರಲ್ಲಿ ಮೊದಲ ಸುತ್ತಿನಲ್ಲೇ 24–25, ಒಂದೇ ಮತದ ಕೊರತೆ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಸತತ ಎರಡು ಅವಧಿ ಮುಗಿಸಿದವರು ನಾಲ್ಕು ವರ್ಷ ಹೊರಗಿರಬೇಕು ಎಂಬ ತಿದ್ದುಪಡಿಯನ್ನು 2000ದಲ್ಲಿ ಮತದಾರರು ಒಪ್ಪಿದ್ದರು. ಅದು ಇವರನ್ನು ಹೊರಹಾಕಲೆಂದೇ ಬಂದದ್ದು ಎಂದು ಹಲವರು ನಂಬಿದ್ದರು. 2009ರ ಜನವರಿಯಲ್ಲಿ ಸ್ಥಾನ ಬಿಟ್ಟರು. 2012ರ ಚುನಾವಣೆಯಲ್ಲಿ ಗೆದ್ದು 2013ರ ಜನವರಿಯಲ್ಲಿ ಮರಳಿದಾಗ ಸದನದಲ್ಲಿ ಹಳೆಯ ಮುಖಗಳು ಕಡಿಮೆಯಾಗಿದ್ದವು.

ಮರಳಿದ ವರ್ಷವೇ ಮಸೂದೆ ತಂದರು. ಚರ್ಚೆ ಮುಗಿಸುವ ಸೂಚನೆಗೆ 28–21. ಈ ಅಂಕಿಯಲ್ಲೇ ಇಡೀ ಸಮಸ್ಯೆ ಅಡಗಿದೆ. ಸಾಧಾರಣ ಬಹುಮತಕ್ಕಿಂತ ಮೂರು ಹೆಚ್ಚು, ತಡೆ ಮುರಿಯಲು ಎರಡು ಕಡಿಮೆ, ಚರ್ಚೆ ಮುಗಿಸಲು ಐದು ಕಡಿಮೆ. ಎಳೆದಾಡಿ ಕೆಲಸ ಕೆಡಿಸುವ ವಿದ್ಯೆಯನ್ನು ಇಡೀ ಸದನಕ್ಕೆ ಕಲಿಸಿದವರು ಇವರೇ. ಇವರ ಮಸೂದೆ ಬಿದ್ದದ್ದೂ ಅದೇ ವಿದ್ಯೆಗೆ. ನಿಯಮ ಬಲ್ಲವನು ಬೇರೆಯವರ ಮಸೂದೆಯನ್ನು ಒಬ್ಬನೇ ನಿಲ್ಲಿಸಬಹುದು. ಆದರೆ ಎಷ್ಟೇ ನಿಯಮ ಬಲ್ಲವನಾದರೂ 28ನ್ನು 33 ಮಾಡಲಾರ.

ಏನು ಬದಲಿಸಿದರು

2013 ಮತ್ತು 2015ರ ನಡುವೆ ಮಸೂದೆಯ ತಿರುಳು ಬದಲಾಗಲಿಲ್ಲ: ಮರಣದಂಡನೆಯ ಬದಲು ಜೀವಾವಧಿ ಸೆರೆವಾಸ. ಬದಲಾದದ್ದು ಅದನ್ನು ಯಾರು, ಯಾವ ಕಾರಣ ಮುಂದಿಟ್ಟು ಸಮರ್ಥಿಸುತ್ತಾರೆ ಎಂಬುದು.

ನಲವತ್ತು ವರ್ಷ ಹಿರಿಯ ಸದಸ್ಯರ ವಾದ ಮುಖ್ಯವಾಗಿ ನೈತಿಕವಾದದ್ದು: ಸರ್ಕಾರ ಕೊಲ್ಲಬಾರದು, ಬಣ್ಣ ಮತ್ತು ಬಡತನ ನೋಡಿ ಶಿಕ್ಷೆ ಬೀಳುತ್ತದೆ. ಒಪ್ಪುವವರು ಈಗಾಗಲೇ ಒಪ್ಪಿದ್ದರು. ಉಳಿದವರು ಗ್ರಾಮೀಣ, ಸಂಪ್ರದಾಯವಾದಿ ಕ್ಷೇತ್ರಗಳ ಸದಸ್ಯರು. ಅವರಿಗೆ ಇವರ ಮಾತು ಒಪ್ಪಿಗೆಯಾದರೂ ಇವರ ಹೆಸರಿನ ಜೊತೆ ನಿಂತು ಊರಿಗೆ ಹೋಗುವುದು ಕಷ್ಟವಿತ್ತು. ಹಾಗಾಗಿ 2015ರಲ್ಲಿ ಸಂಪ್ರದಾಯವಾದಿ ಸದಸ್ಯರೇ ತಮ್ಮವರ ನಡುವೆ ವಾದ ಮುಂದಿಟ್ಟರು. ಹಿರಿಯ ಸದಸ್ಯರು ಮಸೂದೆಯನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡರು, ಚರ್ಚೆಯ ಮುಂಚೂಣಿಯನ್ನು ಬಿಟ್ಟುಕೊಟ್ಟರು. ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ ನಿರ್ಧಾರ ಇದೇ ಎಂಬುದು ನಮ್ಮ ಅಭಿಪ್ರಾಯ. ಜೀವಮಾನದ ಹೋರಾಟದ ಕೊನೆಯ ಸುತ್ತಿನಲ್ಲಿ ಬೇರೆಯವರಿಗೆ ಮಾತು ಬಿಡುವುದು ಸುಲಭವಲ್ಲ.

ಅವರು ಮುಂದಿಟ್ಟ ಕಾರಣಗಳು ಮೂರು. ಮೊದಲನೆಯದು, ಸರ್ಕಾರ ಮಾಡಲಾಗದ ಕೆಲಸಕ್ಕೆ ಹಣ ಸುರಿಯುತ್ತಿದೆ. ನೆಬ್ರಾಸ್ಕಾದಲ್ಲಿ ಅದುವರೆಗೆ ಕೊನೆಯ ಬಾರಿ ದಂಡನೆ ಜಾರಿಯಾದದ್ದು 1997ರಲ್ಲಿ, ವಿದ್ಯುತ್ ಕುರ್ಚಿಯಲ್ಲಿ. 2008ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಕುರ್ಚಿಯನ್ನು ಅಸಾಂವಿಧಾನಿಕ ಎಂದಿತು, 2009ರಲ್ಲಿ ವಿಷದ ಚುಚ್ಚುಮದ್ದು ಕಾನೂನಾಯಿತು. ಆದರೆ ಬೇಕಾದ ಔಷಧವನ್ನು ಮಾರುವವರಿರಲಿಲ್ಲ.

ಎರಡನೆಯದು, ಸರ್ಕಾರ ತಪ್ಪು ಮಾಡುತ್ತದೆ. ಬಿಯಾಟ್ರಿಸ್ ಎಂಬ ಸಣ್ಣ ಊರಿನ 1985ರ ಕೊಲೆಯೊಂದರಲ್ಲಿ ಆರು ಮಂದಿಗೆ ಶಿಕ್ಷೆಯಾಗಿತ್ತು. 2008ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆರೂ ಮಂದಿ ನಿರಪರಾಧಿಗಳೆಂದು ಗೊತ್ತಾಯಿತು. ಅವರಲ್ಲಿ ಐವರು ವಿಚಾರಣೆಗೆ ನಿಲ್ಲದೆ ಆರೋಪಕ್ಕೆ ತಲೆಬಾಗಿದ್ದರು, ವಿದ್ಯುತ್ ಕುರ್ಚಿಯ ಭಯವೂ ಅದಕ್ಕೆ ಕಾರಣವಾಗಿತ್ತು. ಮರಣದಂಡನೆ ಇದ್ದರೆ ಸತ್ಯ ಹೊರಬರುತ್ತದೆ ಎನ್ನುವವರ ಬಾಯಿ ಕಟ್ಟಿಸಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿರಲಿಲ್ಲ. ಮೂರನೆಯದು ಧರ್ಮದ ಮಾತು: ಗರ್ಭದಲ್ಲಿರುವ ಜೀವ ಉಳಿಸಬೇಕೆನ್ನುವವರು ಸೆರೆಮನೆಯಲ್ಲಿರುವ ಜೀವದ ಬಗ್ಗೆ ಏನೆನ್ನುತ್ತಾರೆ ಎಂಬ ಪ್ರಶ್ನೆ. ರಾಜ್ಯದ ಕ್ಯಾಥೊಲಿಕ್ ಬಿಷಪ್‌ಗಳು ರದ್ದತಿಯ ಪರ ನಿಂತರು.

ಇನ್ನೊಂದು ಅನುಕೂಲ ತಾನಾಗಿ ಒದಗಿತು. ಅವಧಿ ಮಿತಿಯ ಕಾರಣದಿಂದ ಹಲವರು ಹೊಸಬರಿದ್ದರು. ಹಳೆಯ ಮತಗಳ ದಾಖಲೆ ಅವರ ಹೆಗಲ ಮೇಲಿರಲಿಲ್ಲ, ಮೊದಲ ಬಾರಿಗೆ ಯೋಚಿಸುವ ಸ್ವಾತಂತ್ರ್ಯ ಇತ್ತು.

ಏನಾಯಿತು: ಅಂಕಿಗಳನ್ನು ಓದುವ ಬಗೆ

ಏಪ್ರಿಲ್ 16, ಮೊದಲ ಸುತ್ತು: 30–13. ಮೇ 15, ಎರಡನೇ ಸುತ್ತು: 30–16. ಮೇ 20, ಅಂತಿಮ ವಾಚನ: 32–15. ಮೇ 26ರಂದು ತಡೆ. ಮೇ 27, ಮುರಿಯುವ ಮತ: 30–19.

ಪರ ಬಿದ್ದ ಮತ ಮಾತ್ರ ನೋಡಿದರೆ ಸಾಲು ನೇರವಾಗಿದೆ. ಮತ ಹಾಕದವರನ್ನು ಎಣಿಸಿ: ಆರು, ಮೂರು, ಎರಡು, ಸೊನ್ನೆ. ಅಲ್ಲಿ ಹಾಜರಿದ್ದೂ ಮತ ಹಾಕದೆ ಉಳಿಯಬಹುದು, ಅಳುಕುವವರು ಮೊದಲ ಸುತ್ತಿನಲ್ಲಿ ಅಲ್ಲೇ ತಂಗುತ್ತಾರೆ. ಆ ಆರು ಜನರೇ ನಿಜವಾದ ರಣರಂಗ. ಮೊದಲ ಸುತ್ತಿನ 30ನ್ನು ಕಂಡು ‘ತಡೆ ಮುರಿಯಲು ಬೇಕಾದಷ್ಟು ಕೈಯಲ್ಲಿದೆ’ ಎಂದು ಕೂತಿದ್ದರೆ ಮಸೂದೆ ಸೋಲುತ್ತಿತ್ತು, ಏಕೆಂದರೆ ಕೊನೆಗೆ ಇಬ್ಬರು ಜಾರಿದರು. ಅಂತಿಮ ವಾಚನಕ್ಕೆ 32 ಮಾಡಿಕೊಂಡಿದ್ದರಿಂದ ಆ ಇಬ್ಬರು ಹೋದರೂ 30 ಉಳಿಯಿತು. ಕಠಿಣ ಮತದ ಮುನ್ನ ಕನಿಷ್ಠ ಎರಡು ಮತ ಕೈಯಲ್ಲಿ ಹೆಚ್ಚಿಗೆ ಇರಬೇಕು ಎಂದು ಹಳಬರು ಹೇಳುವುದು ಇದಕ್ಕೇ.

ಆ ಇಬ್ಬರು ಜಾರಿದ್ದು ಏಕೆಂದು ಊಹಿಸುವುದು ಕಷ್ಟವಲ್ಲ. ಅಂತಿಮ ವಾಚನ ಮತ್ತು ತಡೆ ಮುರಿಯುವ ಮತದ ನಡುವೆ ವಾರವಿತ್ತು. ಗವರ್ನರ್ ಸದಸ್ಯರ ಮೇಲೆ ಬಹಿರಂಗವಾಗಿಯೇ ಒತ್ತಡ ಹಾಕಿದರು, ಊರುಗಳಿಂದ ಫೋನು ಮೊಳಗಿತು. ತಮ್ಮ ಕೈಯಲ್ಲಿ ದಂಡನೆ ಸಾಧ್ಯ ಎಂದು ತೋರಿಸಲು ಮೇ 14ರಂದೇ, ಎರಡನೇ ಸುತ್ತಿನ ಮುನ್ನಾದಿನ, ಔಷಧ ಖರೀದಿಸಲಾಗಿದೆ ಎಂದು ಘೋಷಿಸಿದ್ದರು. ಮಾರಿದವನು ಕೋಲ್ಕತ್ತದ ಮಧ್ಯವರ್ತಿ, ಬೆಲೆ 54,400 ಡಾಲರ್. ಅದನ್ನು ಆಮದು ಮಾಡುವುದಕ್ಕೆ ಅಮೆರಿಕದ ಒಕ್ಕೂಟ ಸರ್ಕಾರದ ಔಷಧ ಇಲಾಖೆಯ ಒಪ್ಪಿಗೆ ಇರಲಿಲ್ಲ. ಔಷಧ ನೆಬ್ರಾಸ್ಕಾ ತಲುಪಲೇ ಇಲ್ಲ. ‘ಮಾಡಲಾಗದ ಕೆಲಸಕ್ಕೆ ಹಣ’ ಎಂಬ ವಾದಕ್ಕೆ ಎದುರಾಳಿಗಳೇ ಸಾಕ್ಷಿ ಒದಗಿಸಿದಂತಾಯಿತು.

ಸದನದ ಹೊರಗಿನ ಮತ

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಪ್ರಕರಣ. ಅಧಿವೇಶನ ಮೇ 29ಕ್ಕೆ ಮುಗಿಯಿತು. ತುರ್ತು ಕಲಮು ಇಲ್ಲದ್ದರಿಂದ ಕಾನೂನು ಆಗಸ್ಟ್ 30ಕ್ಕೆ ಜಾರಿಗೆ ಬರಬೇಕಿತ್ತು. ನೆಬ್ರಾಸ್ಕಾದ ಸಂವಿಧಾನ ಈ ಮೂರು ತಿಂಗಳನ್ನು ಜನರ ಕೈಗೆ ಕೊಡುತ್ತದೆ. ನೋಂದಾಯಿತ ಮತದಾರರಲ್ಲಿ ಶೇ. 5ರಷ್ಟು ಜನ ಸಹಿ ಹಾಕಿದರೆ ಕಾನೂನು ಜನಮತಕ್ಕೆ ಹೋಗುತ್ತದೆ, ಶೇ. 10 ಆದರೆ ಜನಮತದವರೆಗೆ ಅಮಾನತು. ಸಹಿಗಳು ಒಂದೇ ನಗರದಿಂದ ಬಂದರೆ ಸಾಲದು, 93 ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಘಟಕಗಳ) ಪೈಕಿ 38ರಲ್ಲಿ ಅಲ್ಲಿನ ಮತದಾರರ ಶೇ. 5 ಇರಬೇಕು.

ವಿರೋಧಿಗಳು ಜೂನ್‌ನಲ್ಲೇ ಕೆಲಸ ಶುರು ಮಾಡಿದರು. ಗವರ್ನರ್ ಮತ್ತು ಅವರ ಕುಟುಂಬ ಸ್ವಂತ ಹಣ ಕೊಟ್ಟರು. ಜಾತ್ರೆ, ಮೇಳ, ಅಂಗಡಿ ಬಾಗಿಲುಗಳಲ್ಲಿ ಸಹಿ ಸಂಗ್ರಹ ನಡೆಯಿತು. ಜನಮತಕ್ಕೆ ಬೇಕಿದ್ದದ್ದು ಸುಮಾರು 57 ಸಾವಿರ, ಅಮಾನತಿಗೆ ಸುಮಾರು 1.14 ಲಕ್ಷ. ಆಗಸ್ಟ್ 26ರಂದು 1.66 ಲಕ್ಷಕ್ಕೂ ಹೆಚ್ಚು ಸಹಿ ಸಲ್ಲಿಸಿದರು. ಪರಿಶೀಲನೆಯಲ್ಲಿ ಸುಮಾರು 1.43 ಲಕ್ಷ ಊರ್ಜಿತವಾದವು. ಐದರಲ್ಲಿ ಒಂದಕ್ಕಿಂತ ಕಡಿಮೆ ಸಹಿ ತಿರಸ್ಕೃತವಾಗುವಷ್ಟು ಎಚ್ಚರದಿಂದ ಸಂಗ್ರಹಿಸಿದ್ದರು, ಜೊತೆಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ತಂದಿದ್ದರು. ಸಹಿ ಸಂಗ್ರಹದ ಕೆಲಸದಲ್ಲಿ ಇದೇ ಸರಿಯಾದ ಲೆಕ್ಕ: ವಿಳಾಸ ತಪ್ಪಿದ್ದು, ನೋಂದಣಿ ಇಲ್ಲದ್ದು, ಎರಡು ಸಲ ಸಹಿ ಮಾಡಿದ್ದು ಎಲ್ಲ ಹೋಗುತ್ತವೆ ಎಂದು ಮೊದಲೇ ಹಿಡಿದುಕೊಂಡಿರಬೇಕು.

ತುರ್ತು ಕಲಮು ಇರುವ ಕಾನೂನುಗಳಿಗೆ ಈ ಅಮಾನತು ತಗಲುವುದಿಲ್ಲ. ಅಂತಿಮ ವಾಚನದಲ್ಲಿ ಬಿದ್ದದ್ದು 32. ಇನ್ನೊಂದೇ ಮತ ಸಿಕ್ಕಿ ಆ ಕಲಮೂ ಇದ್ದಿದ್ದರೆ ಕಾನೂನು ಕೂಡಲೇ ಜಾರಿಯಾಗುತ್ತಿತ್ತು, ಜನಮತ ಬಂದರೂ ಅಷ್ಟು ದಿನ ನಿಂತಿರುತ್ತಿತ್ತು. ಅದಕ್ಕೆ ಪ್ರಯತ್ನಿಸದಿದ್ದುದು ತಪ್ಪು ಎಂದು ಹೇಳಲಾಗದು. ಕಲಮು ಸೇರಿಸಿದ್ದರೆ ಹಿಂಜರಿಯುವ ಇನ್ನೂ ಒಬ್ಬಿಬ್ಬರು ಕೈಬಿಡುವ ಅಪಾಯವಿತ್ತು. ಆದರೆ ಆ ಅಪಾಯವನ್ನು ತೂಗಿ ನೋಡಬೇಕಿದ್ದ ಜಾಗ ಅದೇ.

ದೊಡ್ಡ ಕೊರತೆ ಬೇರೆಯದು. ಒಳಗೆ 30 ಜನರ ಮನವೊಲಿಸಿದ ಮಾತು ಹೊರಗೆ ಹೋಗಲೇ ಇಲ್ಲ. ತಿಂಗಳುಗಟ್ಟಲೆ ದಾಖಲೆ ಓದಿ, ಸಾಕ್ಷ್ಯ ಕೇಳಿ, ಸಂತ್ರಸ್ತ ಕುಟುಂಬಗಳ ಜೊತೆ ಮಾತಾಡಿ ಮನಸ್ಸು ಬದಲಿಸಿದ ಸದಸ್ಯನ ಹಿಂದೆ, ಅವನ ಕ್ಷೇತ್ರದ ಜನ ಇನ್ನೂ ಮೊದಲಿದ್ದ ಕಡೆಯೇ ನಿಂತಿದ್ದರು. ಆ ಸಂಪ್ರದಾಯವಾದಿ ಸದಸ್ಯರು ಏಪ್ರಿಲ್‌ನಿಂದಲೇ ತಮ್ಮ ಊರಿನ ಸಭೆಗಳಲ್ಲಿ ಬಿಯಾಟ್ರಿಸ್‌ನ ಆರು ಮಂದಿಯ ಕತೆ ಹೇಳಿದ್ದರೆ ಫಲಿತಾಂಶ ತಿರುಗುತ್ತಿತ್ತೋ ಇಲ್ಲವೋ, ಅಂತರ ಖಂಡಿತ ಕಿರಿದಾಗುತ್ತಿತ್ತು.

ಮತಪತ್ರದ ಮಾತೂ ಗೊಂದಲದ್ದಾಗಿತ್ತು. ಪ್ರಶ್ನೆ ಇದ್ದದ್ದು 2015ರ ಕಾನೂನಿನ ಬಗ್ಗೆ. ‘ಉಳಿಸಿ’ ಎಂದರೆ ರದ್ದತಿಯ ಕಾನೂನನ್ನು ಉಳಿಸಿ, ಅಂದರೆ ಮರಣದಂಡನೆ ಬೇಡ. ‘ರದ್ದುಮಾಡಿ’ ಎಂದರೆ ಮರಣದಂಡನೆ ಇರಲಿ. ಎರಡೂ ಕಡೆಯವರು ಪ್ರಚಾರದ ಸಮಯವನ್ನು ಇದನ್ನು ಬಿಡಿಸಿ ಹೇಳಲು ಖರ್ಚು ಮಾಡಬೇಕಾಯಿತು. 2016ರ ನವೆಂಬರ್‌ನಲ್ಲಿ ಸುಮಾರು ಶೇ. 61 ಮತದಾರರು ಮರಣದಂಡನೆ ಇರಲಿ ಎಂದರು. ಅಂತರ ಇಷ್ಟಿದ್ದಾಗ ಪದಗಳ ಗೊಂದಲವನ್ನು ದೂರಿ ಫಲವಿಲ್ಲ.

ಹಿರಿಯ ಸದಸ್ಯರು ಮರುವರ್ಷವೇ ಮಸೂದೆಯನ್ನು ಮತ್ತೆ ಮಂಡಿಸಿದರು. 2018ರ ಆಗಸ್ಟ್ 14ರಂದು ನೆಬ್ರಾಸ್ಕಾ 21 ವರ್ಷಗಳ ಬಳಿಕ ಮೊದಲ ಬಾರಿ ಒಬ್ಬ ಕೈದಿಗೆ ಮರಣದಂಡನೆ ಜಾರಿ ಮಾಡಿತು. ಬಳಸಿದ ಔಷಧಗಳಲ್ಲಿ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಕೂಡ ಒಂದು, ಅಮೆರಿಕದಲ್ಲಿ ಅದನ್ನು ಈ ಕೆಲಸಕ್ಕೆ ಬಳಸಿದ್ದು ಅದೇ ಮೊದಲು. 2019ರಲ್ಲಿ ಅವರ ಮಸೂದೆ ಮೊದಲ ಸುತ್ತಿನಲ್ಲೇ ಬಿತ್ತು, 25ರ ಗಡಿಯನ್ನೂ ಮುಟ್ಟಲಿಲ್ಲ. ಅವಧಿ ಮಿತಿಯಂತೆ 2021ರ ಜನವರಿಯಲ್ಲಿ ಎರಡನೇ ಬಾರಿ ಸ್ಥಾನ ಬಿಟ್ಟರು. ಅಷ್ಟು ಹೊತ್ತಿಗೆ ಆ ಸದನದಲ್ಲಿ ಅವರು ಕಳೆದದ್ದು ಒಟ್ಟು 46 ವರ್ಷ, ರಾಜ್ಯದ ಇತಿಹಾಸದಲ್ಲಿ ಬೇರೆ ಯಾವ ಸದಸ್ಯರೂ ಅಷ್ಟು ಕಾಲ ಅಲ್ಲಿ ಕೂತಿಲ್ಲ.